ಉತ್ತರದ ಪುಟಕ್ಕೆ ಮುಂಚೆ ಪುಸ್ತಕ ಮುಚ್ಚಿ: ವಿಜ್ಞಾನದ ಚರಿತ್ರೆಯಿಂದ ಮನೆಪಾಠ

ದೊಡ್ಡ ಮರವೊಂದು ಸಾವಿರಾರು ಕಿಲೋ ತೂಗುತ್ತದಲ್ಲ, ಅಷ್ಟು ತೂಕ ಅದಕ್ಕೆ ಎಲ್ಲಿಂದ ಬಂತು? ಹನ್ನೆರಡು ವರ್ಷದ ಮಕ್ಕಳನ್ನು ಕೇಳಿ ನೋಡಿ. ದ್ಯುತಿಸಂಶ್ಲೇಷಣೆಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವವರೂ ‘ಮಣ್ಣಿನಿಂದ’ ಎನ್ನುವುದುಂಟು. ಬಾಯಿಪಾಠವಾದ ವ್ಯಾಖ್ಯೆಗೂ ಕಣ್ಣೆದುರಿನ ಮರಕ್ಕೂ ನಂಟೇ ಬೆಳೆದಿರುವುದಿಲ್ಲ.

17ನೇ ಶತಮಾನದಲ್ಲಿ ಯಾನ್ ವ್ಯಾನ್ ಹೆಲ್ಮಾಂಟ್ ಇದನ್ನು ತೂಗಿಯೇ ತಿಳಿಯಲು ಹೊರಟ. 200 ಪೌಂಡ್, ಅಂದರೆ ಸುಮಾರು 90 ಕಿಲೋ ಒಣಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, ಬರೀ ನೀರು ಹಾಕಿದ. 5 ವರ್ಷದ ನಂತರ ಮರ 169 ಪೌಂಡ್ ತೂಗಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಅಷ್ಟೇ. ಹಾಗಾದರೆ ಮರವೆಲ್ಲ ನೀರೇ, ಎಂದು ಅವನು ತೀರ್ಮಾನಿಸಿದ. ‘ಗ್ಯಾಸ್’ ಎಂಬ ಪದವನ್ನು ಕೊಟ್ಟವನೇ ಅವನು, ಇದ್ದಿಲು ಉರಿದಾಗ ಹೊಮ್ಮುವ ಅನಿಲದ ಬಗ್ಗೆ ಬರೆದವನೂ ಅವನೇ. ಆದರೂ ಗಾಳಿಯ ಮೇಲೆ ಅವನಿಗೆ ಅನುಮಾನ ಬರಲಿಲ್ಲ.

ಇಲ್ಲಿಗೆ ಪುಸ್ತಕ ಮುಚ್ಚಬೇಕು. ‘ಅವನ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ?’ ಎಂದು ಕೇಳಿ, ಎರಡು ದಿನ ಸುಮ್ಮನಿರಬೇಕು. ಆರರಿಂದ ಎಂಟನೇ ತರಗತಿಯ ವಯಸ್ಸಿನ ಮಕ್ಕಳಿಗೆ ಮನೆಯಲ್ಲೇ ವಿಜ್ಞಾನ ಕಲಿಸುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಚರಿತ್ರೆಯ ಪುಸ್ತಕವನ್ನು ಕಥೆಯಂತೆ ಮುಗಿಸಿಬಿಟ್ಟರೆ ಹೆಸರು, ಇಸವಿ ಮಾತ್ರ ತಲೆಯಲ್ಲಿ ಉಳಿಯುತ್ತವೆ. ಪ್ರಶ್ನೆಯ ಎದುರು ನಿಲ್ಲಿಸಿ ಓದಿಸಿದರೆ ಅದೇ ಪುಸ್ತಕ ಪಠ್ಯಕ್ರಮವಾಗುತ್ತದೆ.

ಪುಸ್ತಕ ಆರಿಸುವುದು

ಮೂರು ಸಾಕು. ಮೊದಲಿಂದ ಕೊನೆಯವರೆಗೆ ಕಥೆ ಹೇಳುವ ವಿಜ್ಞಾನ ಚರಿತ್ರೆ ಒಂದು, ಬಿಡಿ ಪ್ರಯೋಗಗಳನ್ನೋ ವಿಜ್ಞಾನಿಗಳನ್ನೋ ಕುರಿತದ್ದು ಇನ್ನೊಂದು, ಜೊತೆಗೆ ಆಯಾ ತರಗತಿಯ ಮಾಮೂಲಿ ಪಠ್ಯಪುಸ್ತಕ.

ಕೊಳ್ಳುವ ಮುಂಚೆ ಗೆಲಿಲಿಯೋ ಅಧ್ಯಾಯ ತೆರೆಯಿರಿ. ಪೀಸಾದ ವಾಲುಗೋಪುರದ ಮೇಲಿಂದ ಅವನು ಗುಂಡು ಬೀಳಿಸಿದ ಎಂಬುದನ್ನು ಸಂದೇಹವೇ ಇಲ್ಲದಂತೆ ಬರೆದಿದ್ದರೆ ಎಚ್ಚರ. ಆ ಕಥೆ ಬಂದದ್ದು ಅವನ ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆಯಿಂದ, ಮತ್ತು ಇತಿಹಾಸಕಾರರಲ್ಲಿ ಬಹಳ ಮಂದಿ ಅದನ್ನು ನಂಬುವುದಿಲ್ಲ. 1638ರ ಪುಸ್ತಕದಲ್ಲಿ ಗೆಲಿಲಿಯೋ ತಾನೇ ವಿವರಿಸಿರುವುದು ಇಳಿಜಾರು ಹಲಗೆಯ ಪ್ರಯೋಗವನ್ನು. ಆಮೇಲೆ ಫ್ಲಾಜಿಸ್ಟನ್ ಎಲ್ಲಿದೆ ಹುಡುಕಿ. ಉರಿಯುವ ವಸ್ತುವಿನಿಂದ ಏನೋ ಹೊರಗೆ ಹೋಗುತ್ತದೆ ಎಂಬ ಆ ಸಿದ್ಧಾಂತವನ್ನು ‘ಹಿಂದಿನವರ ಮೂಢನಂಬಿಕೆ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದರೆ ಆ ಪುಸ್ತಕ ಬೇಡ. ಉರಿದ ಕಟ್ಟಿಗೆ ಹಿಡಿ ಬೂದಿಯಾಗುವುದನ್ನು ನೋಡಿದ ಯಾರಿಗಾದರೂ ಹಾಗೆ ತೋಚುವುದು ಸಹಜ. ಬುದ್ಧಿವಂತರು ಏಕೆ ತಪ್ಪಿದರು ಎಂದು ಹೇಳದ ಪುಸ್ತಕದಿಂದ, ಸರಿ ಯಾಕೆ ಸರಿ ಎನ್ನುವುದೂ ತಿಳಿಯುವುದಿಲ್ಲ.

ಮೂರು ವರ್ಷಕ್ಕೆ ಹಂಚುವುದು

ಮೊದಲ ವರ್ಷ ನಾನು ಪುಸ್ತಕದ ಕ್ರಮದಲ್ಲೇ ಗ್ರೀಸಿನಿಂದ ಹೊರಟೆ. ಆರು ತಿಂಗಳಾದರೂ ವಿದ್ಯುತ್ತಿನ ಹತ್ತಿರವೂ ಬಂದಿರಲಿಲ್ಲ. ಕಾಲದ ಕ್ರಮ ಹಿಡಿಯುವುದಕ್ಕಿಂತ ಪ್ರಶ್ನೆಗಳ ಕ್ರಮ ಹಿಡಿಯುವುದು ಮೇಲು: ವರ್ಷಕ್ಕೆ ನಾಲ್ಕೈದು ಪ್ರಶ್ನೆ, ಒಂದೊಂದಕ್ಕೆ ಆರೇಳು ವಾರ. ಪ್ರಶ್ನೆಯ ಒಳಗೆ ಮಾತ್ರ ಇಸವಿಯ ಕ್ರಮ ಇರಲಿ.

ಯಾವುದು ಮೊದಲು ಎನ್ನುವುದನ್ನು ಗಣಿತ ತೀರ್ಮಾನಿಸುತ್ತದೆ. ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ನೆರಳಿನ ಕೋನ ವೃತ್ತದ 50ರಲ್ಲಿ ಒಂದು ಪಾಲು ಎಂದು ಕಂಡು ಭೂಮಿಯ ಸುತ್ತಳತೆ ಲೆಕ್ಕಹಾಕಿದ್ದು ಅರ್ಥವಾಗಲು ಕೋನ, ಅನುಪಾತ ಗೊತ್ತಿದ್ದರೆ ಸಾಕು. ಅದು ಆರನೇ ತರಗತಿಗೆ ಸರಿ. ಗೆಲಿಲಿಯೋನ ಹಲಗೆಗೆ ವರ್ಗಸಂಖ್ಯೆ ಬೇಕು, ಏಳರವರೆಗೆ ಕಾಯಲಿ. ಅನುವಂಶೀಯತೆ, ಖಂಡಗಳ ಚಲನೆ, ವಿದ್ಯುತ್ಕಾಂತತೆ ಎಂಟಕ್ಕೆ.

ಒಂದು ವಾರದ ಪಾಠ

ಐದಾರು ಪುಟ ಗಟ್ಟಿಯಾಗಿ ಓದಿ, ಉತ್ತರಕ್ಕೆ ಮುಂಚೆ ನಿಲ್ಲಿಸಿ. ಮಗು ತನ್ನ ಊಹೆಯನ್ನು ಶಾಯಿಯಲ್ಲಿ ಬರೆಯಲಿ. ಪೆನ್ಸಿಲ್ ಕೊಟ್ಟರೆ ಆಮೇಲೆ ಅಳಿಸಿಬಿಡುತ್ತಾರೆ, ತಪ್ಪಿದ ಊಹೆಯೇ ಈ ನೋಟ್‌ಬುಕ್ಕಿನ ಆಸ್ತಿ. ಮುಂದಿನ ದಿನಗಳಲ್ಲಿ ಪ್ರಯೋಗ, ನಂತರ ಪುಸ್ತಕದ ಉಳಿದ ಭಾಗ, ಕೊನೆಗೆ ‘ಈಗ ಏನೆನ್ನುತ್ತಾರೆ’ ಎಂದು ಪಠ್ಯಪುಸ್ತಕದಲ್ಲಿ ಹುಡುಕಾಟ.

ಉದಾಹರಣೆಗೆ ಫ್ರಾನ್ಸೆಸ್ಕೊ ರೆಡಿ. ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟುತ್ತದೆಂಬ ನಂಬಿಕೆಯನ್ನು 1668ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಅವನು ಪ್ರಶ್ನಿಸಿದ: ಬಾಯಿ ತೆರೆದ ಪಾತ್ರೆಗಳಲ್ಲಿ ಹುಳು ಬಂತು, ತೆಳುಬಟ್ಟೆ ಕಟ್ಟಿದವುಗಳ ಮಾಂಸದಲ್ಲಿ ಬರಲಿಲ್ಲ. ಮನೆಯಲ್ಲಿ ಎರಡು ಗಾಜಿನ ಜಾಡಿ, ಹಣ್ಣಿನ ಚೂರು, ಒಂದಕ್ಕೆ ಬಟ್ಟೆ ಸಾಕು. ಕೆಲವೊಮ್ಮೆ ಬಟ್ಟೆ ಕಟ್ಟಿದ ಜಾಡಿಯಲ್ಲೂ ನೊಣ ಹಾರಾಡುತ್ತವೆ. ‘ಪ್ರಯೋಗ ಕೆಟ್ಟಿತು’ ಎಂದು ದಯವಿಟ್ಟು ಚೆಲ್ಲಬೇಡಿ. ಸಿಪ್ಪೆಯ ಮೇಲೆ ಮೊಟ್ಟೆ ಮೊದಲೇ ಇದ್ದಿರಬಹುದೇ? ಹಣ್ಣನ್ನು ಬೇಯಿಸಿ ಮತ್ತೆ ಇಟ್ಟರೆ? ಜೀವ ತಾನಾಗಿ ಹುಟ್ಟುತ್ತದೆಯೇ ಎಂಬ ಇದೇ ಪ್ರಶ್ನೆಯ ಸುತ್ತ ನೀಡಮ್ ಮತ್ತು ಸ್ಪಲಾಂಜಾನಿ ಎಂಬ ವಿಜ್ಞಾನಿಗಳು 18ನೇ ಶತಮಾನದಲ್ಲಿ ಸಾರು ಕುದಿಸಿ ಕುದಿಸಿ ವಾದಮಾಡಿದರು. 1860ರ ಆಸುಪಾಸಿನಲ್ಲಿ ಪಾಶ್ಚರ್ ಹಂಸದ ಕತ್ತಿನಂಥ ಬಾಗುಕೊಳವೆಯ ಸೀಸೆ ಮಾಡಿದ್ದೂ ಇದಕ್ಕಾಗಿಯೇ. ಇನ್ನೂ ಒಂದು ವಿಷಯ ಮಕ್ಕಳಿಗೆ ಹೇಳಲೇಬೇಕು. ಗಿಡದ ಗಂಟುಗಳೊಳಗಿನ ಹುಳುಗಳನ್ನು ಗಿಡವೇ ಹುಟ್ಟಿಸುತ್ತದೆಂದು ರೆಡಿ ಕೂಡ ನಂಬಿದ್ದ. ಒಬ್ಬನೇ ಮನುಷ್ಯ ಒಂದು ಕಡೆ ಅಷ್ಟು ಸರಿ, ಇನ್ನೊಂದು ಕಡೆ ತಪ್ಪು.

ಹಳೆಯ ಪ್ರಯೋಗವೆಲ್ಲ ಮನೆಯಲ್ಲಿ ಮಾಡುವಂಥದ್ದಲ್ಲ. ಗಾಳಿಯ ಒತ್ತಡ ತೋರಿಸಲು ಟೊರಿಚೆಲ್ಲಿ ಬಳಸಿದ ಪಾದರಸ ವಿಷ, ಅದನ್ನು ಓದಿಯೇ ಬಿಡಿ. ಬೆಂಕಿ ಇದ್ದಲ್ಲಿ ದೊಡ್ಡವರು ಪಕ್ಕದಲ್ಲಿರಬೇಕು. ದೂರದರ್ಶಕವನ್ನು ಸೂರ್ಯನತ್ತ ತಿರುಗಿಸುವುದು ಬೇಡವೇ ಬೇಡ.

ಭೂಮಿ ತಿರುಗುವುದಾದರೆ ಹಕ್ಕಿ ಗೂಡಿಗೆ ಮರಳುವುದು ಹೇಗೆ?

ಬಹುಪಾಲು ಪುಸ್ತಕಗಳು ಗ್ರೀಸಿನಿಂದ ಒಂದೇ ನೆಗೆತಕ್ಕೆ ಯೂರೋಪಿನ 16ನೇ ಶತಮಾನಕ್ಕೆ ಹೋಗುತ್ತವೆ. ನಡುವಿನದನ್ನು ನಾವೇ ಸೇರಿಸಬೇಕು, ಹೆಮ್ಮೆಗಾಗಿ ಅಲ್ಲ, ಅಲ್ಲಿರುವ ವಾದಕ್ಕಾಗಿ. 499ರಲ್ಲಿ ತನಗೆ 23 ವರ್ಷ ಎಂದು ಗುರುತಿಸಿಕೊಂಡ ಆರ್ಯಭಟ, ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ವಸ್ತುಗಳು ಹಿಂದಕ್ಕೆ ಓಡಿದಂತೆ ಕಾಣುವ ಹಾಗೆ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಸಾಗಿದಂತೆ ಕಾಣುತ್ತವೆ ಎಂದ. ಮುಂದಿನ ಶತಮಾನದಲ್ಲಿ ವರಾಹಮಿಹಿರ ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ಗೂಡಿಗೆ ಮರಳಲಾಗದು ಎಂಬುದು ಅವನ ಆಕ್ಷೇಪ.

ಇಲ್ಲಿ ಪುಸ್ತಕ ಮುಚ್ಚಿ, ಎಷ್ಟು ದಿನ ಬೇಕಾದರೂ ಆಗಲಿ. ಇದು ಗಟ್ಟಿ ಆಕ್ಷೇಪ, ದೊಡ್ಡವರೂ ತಡವರಿಸುತ್ತಾರೆ. ಒಂದೇ ವೇಗದಲ್ಲಿ ಸಾಗುವ ರೈಲಿನಲ್ಲಿ ಕೂತು ಚೆಂಡನ್ನು ನೇರ ಮೇಲಕ್ಕೆ ಎಸೆದು ಹಿಡಿಯಲಿ. ಅದು ಹಿಂದಿನ ಸೀಟಿಗೆ ಬೀಳದೆ ಕೈಗೇ ಬರುತ್ತದೆ. ಆಮೇಲೆ ಗೆಲಿಲಿಯೋನ 1632ರ ಪುಸ್ತಕದ ಹಡಗಿನ ಕೋಣೆಯ ಪ್ರಸಂಗವನ್ನು ಓದಿ: ಹಡಗು ನಿಂತಿರಲಿ, ಸಮವಾಗಿ ಸಾಗುತ್ತಿರಲಿ, ಒಳಗೆ ಚಿಟ್ಟೆಗಳು ಹಾರುವುದೂ ನೀರಿನ ಹನಿ ಬೀಳುವುದೂ ಒಂದೇ ರೀತಿ. ಸಾವಿರ ವರ್ಷಕ್ಕೂ ಹಿಂದಿನ ಆಕ್ಷೇಪಕ್ಕೆ ಉತ್ತರ ತನ್ನ ಅಂಗೈಯಲ್ಲೇ ಬಿದ್ದದ್ದನ್ನು ಕಂಡ ಮಗುವಿಗೆ ಜಡತ್ವದ ನಿಯಮವನ್ನು ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.

ಚರಿತ್ರೆ ಕೊಡದ್ದು

ಈ ದಾರಿಯಲ್ಲಿ ನಿಜವಾದ ಕೊರತೆಗಳಿವೆ. ಲೆಕ್ಕ ಬಿಡಿಸುವ ಅಭ್ಯಾಸ, ಏಕಮಾನಗಳು, ಜೀವಕೋಶದ ಭಾಗಗಳ ಇಂದಿನ ಹೆಸರುಗಳು, ಆವರ್ತ ಕೋಷ್ಟಕದ ಬಳಕೆ ಕಥೆಯಿಂದ ಬರುವುದಿಲ್ಲ. ವಾರಕ್ಕೆ ಎರಡು ಅವಧಿ ಪಠ್ಯಪುಸ್ತಕಕ್ಕೇ ಮೀಸಲಿಡಿ. ಮಗು ಮುಂದೆ ಶಾಲೆಗೆ ಮರಳುವುದಾದರೆ ಅಥವಾ ಪರೀಕ್ಷೆಗೆ ಕೂರುವುದಾದರೆ, ಆ ಪಠ್ಯಕ್ರಮದ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಪಕ್ಕದಲ್ಲಿಟ್ಟು ಯಾವುದು ಬಿಟ್ಟುಹೋಗುತ್ತದೆಂದು ಗುರುತು ಹಾಕಿಕೊಳ್ಳಿ. ಮನೆಯಲ್ಲೇ ಕಲಿಸುವ ಕುರಿತ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಅವನ್ನೂ ಮೊದಲೇ ತಿಳಿದಿರಿ.

ಕಲಿತದ್ದನ್ನು ಅಳೆಯುವುದು

ಇಸವಿ ಕೇಳುವ ಪರೀಕ್ಷೆ ಬೇಡ. ಸೋತ ಪಕ್ಷದ ಪರ ವಾದಿಸಲು ಹೇಳಿ. ಮಗಳು ಫ್ಲಾಜಿಸ್ಟನ್ ಪರ ನಿಲ್ಲಲಿ, ನೀವು ಎದುರು ನಿಂತು ಸ್ಟೀಲ್ ವುಲ್ (ಉಕ್ಕಿನ ತೆಳುನಾರಿನ ಉಂಡೆ) ಉರಿಸಿ ತೂಗಿ ತೋರಿಸಿ. ಉರಿದ ಮೇಲೆ ಅದರ ತೂಕ ಹೆಚ್ಚಿರುತ್ತದೆ. ಏನೋ ಹೊರಗೆ ಹೋಗಿದ್ದರೆ ಹೆಚ್ಚಿದ್ದು ಹೇಗೆ? ಅವಳು ಹೇಗೆ ತಪ್ಪಿಸಿಕೊಳ್ಳಲು ನೋಡುತ್ತಾಳೆ, ಯಾವ ಹಂತದಲ್ಲಿ ಕೈಚೆಲ್ಲುತ್ತಾಳೆ ಎಂಬುದರಲ್ಲೇ ಅವಳಿಗೆ ಎಷ್ಟು ಅರ್ಥವಾಗಿದೆ ಎಂದು ಗೊತ್ತಾಗುತ್ತದೆ.

ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಖಾಲಿ ಬಿಟ್ಟಿರಿ. ಓದುವಾಗ ಎದ್ದು, ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನೆಲ್ಲ ಮಗು ಅಲ್ಲಿ ಬರೆಯುತ್ತಾ ಹೋಗಲಿ. ಮುಂದಿನ ವರ್ಷದ ಮೊದಲ ಅಧ್ಯಾಯವನ್ನು ಆ ಪುಟಗಳಿಂದಲೇ ಆರಿಸಿಕೊಳ್ಳಿ.