ಹಳೆಯ ಪಾಮ್ ಕೈಗಣಕದ ಮಾಹಿತಿಯನ್ನು ಲಿನಕ್ಸ್ ಕಂಪ್ಯೂಟರ್‌ಗೆ ತರುವ ಬಗೆ

ಪಾಮ್ ಕಂಪನಿಯ ಕೈಗಣಕಗಳು ಇಂದಿಗೂ ಅನೇಕರ ಮನೆಯಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿಯೇ ಇವೆ. ವರ್ಷಗಟ್ಟಲೆ ಕೂಡಿಟ್ಟ ವಿಳಾಸಗಳು, ಭೇಟಿಯ ದಿನಾಂಕಗಳು, ಟಿಪ್ಪಣಿಗಳು ಅವುಗಳಲ್ಲಿ ಉಳಿದುಕೊಂಡಿವೆ. ಆದರೆ ಅವುಗಳನ್ನು ಈಗಿನ ಕಂಪ್ಯೂಟರ್‌ಗೆ ಜೋಡಿಸಿದರೆ ಏನೂ ನಡೆಯುವುದಿಲ್ಲ. ಪಾಮ್ ಡೆಸ್ಕ್‌ಟಾಪ್ ತಂತ್ರಾಂಶ 64 ಬಿಟ್ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆದರೂ ಯುಎಸ್‌ಬಿ ಡ್ರೈವರ್ ಕೆಲಸ ಮಾಡುವುದಿಲ್ಲ. 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರ್ ಬೇಕು, ಅದನ್ನು ಪಾಮ್ ಸಿದ್ಧಪಡಿಸಲಿಲ್ಲ. 2010ರಲ್ಲಿ ಕಂಪನಿಯನ್ನು ಎಚ್‌ಪಿ ಕೊಂಡುಕೊಂಡ ಮೇಲೆ ಆ ನಿರೀಕ್ಷೆಯೂ ಉಳಿಯಲಿಲ್ಲ. ಆ್ಯಪಲ್ ಕಂಪ್ಯೂಟರ್‌ಗಳಲ್ಲಿ 2009ರ ಸ್ನೋ ಲೆಪರ್ಡ್ ಆವೃತ್ತಿಯೇ ಪಾಮ್ ಬೆಂಬಲವನ್ನು ಕೈಬಿಟ್ಟಿತು. ಹೀಗಾಗಿ, ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿಕೊಂಡು ಈ ಕೆಲಸ ಮಾಡುವುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಭರವಸೆಯ ದಾರಿ.

ಕೇಬಲ್ ಹುಡುಕುವುದಕ್ಕೂ ಮೊದಲು ಬ್ಯಾಟರಿಯನ್ನು ನೋಡಿಕೊಳ್ಳಬೇಕು. 2004ರಲ್ಲಿ ಬಂದ ಟಂಗ್‌ಸ್ಟನ್ ಟಿ5, ಟ್ರಿಯೊ 650 ಮಾದರಿಗಳಿಗಿಂತ ಹಿಂದಿನ ಪಾಮ್‌ಗಳಲ್ಲಿ ಬಳಕೆದಾರರ ಮಾಹಿತಿಯೆಲ್ಲ ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವ ರ‍್ಯಾಮ್‌ನಲ್ಲಿರುತ್ತದೆ. ಪಾಮ್ 3 ಮಾದರಿಯಲ್ಲಿ ಎರಡು ಟ್ರಿಪಲ್ ಎ ಸೆಲ್‌ಗಳಿದ್ದು, ಅವುಗಳನ್ನು ತೆಗೆದ ಮೇಲೆ ಒಳಗಿನ ಕೆಪಾಸಿಟರ್ ಸುಮಾರು ಒಂದು ನಿಮಿಷ ಮಾತ್ರ ಮಾಹಿತಿಯನ್ನು ಕಾಯುತ್ತದೆ. ಇಷ್ಟು ಹಳೆಯದಾದ ಕೆಪಾಸಿಟರ್‌ನಿಂದ ಅಷ್ಟನ್ನೂ ನಿರೀಕ್ಷಿಸುವುದು ಕ್ಷೇಮವಲ್ಲ. ಹೊಸ ಸೆಲ್‌ಗಳನ್ನು ಕವರ್ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು, ಸಾಧನವನ್ನು ಆಫ್ ಮಾಡಿ, ತಡಮಾಡದೆ ಬದಲಾಯಿಸಿ. ಪಾಮ್ 5 ಮತ್ತು ಎಂ500 ಮಾದರಿಗಳಲ್ಲಿ ಬ್ಯಾಟರಿ ಒಳಗೇ ಇರುವುದರಿಂದ ಸಾಧನವನ್ನು ಚಾರ್ಜ್ ಮಾಡಲು ಮತ್ತು ಕಂಪ್ಯೂಟರಿಗೆ ಜೋಡಿಸಲು ಬಳಸುವ ಪೀಠವಾದ ಕ್ರೇಡಲ್‌ನಲ್ಲಿ ಕೂರಿಸಿ ಪೂರ್ತಿ ಚಾರ್ಜ್ ಮಾಡಿದ ನಂತರವೇ ಮುಂದುವರಿಯಿರಿ.

ಜೋಡಣೆಯಲ್ಲಿ ಎರಡು ಬಗೆಗಳಿವೆ. ಹ್ಯಾಂಡ್‌ಸ್ಪ್ರಿಂಗ್ ವೈಸರ್, ಎಂ500 ಮತ್ತು ಅವುಗಳ ನಂತರದ ಹೆಚ್ಚಿನ ಮಾದರಿಗಳ ಕ್ರೇಡಲ್ ನೇರವಾಗಿ ಯುಎಸ್‌ಬಿಗೆ ಸೇರುತ್ತದೆ. ಅದಕ್ಕೂ ಹಳೆಯ ಸಾಧನಗಳ ಕ್ರೇಡಲ್‌ಗೆ ಒಂಬತ್ತು ಪಿನ್ನಿನ ಸೀರಿಯಲ್ ಕನೆಕ್ಟರ್ ಇರುವುದರಿಂದ, ಅಂಗಡಿಯಲ್ಲಿ ಸಿಗುವ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬೇಕು. ನಡುವೆ ನಲ್ ಮೋಡೆಮ್ ಕೇಬಲ್ (ಕಳುಹಿಸುವ, ಪಡೆಯುವ ತಂತಿಗಳನ್ನು ಅದಲುಬದಲು ಮಾಡಿದ ಕೇಬಲ್) ಹಾಕಬಾರದು, ಕ್ರೇಡಲ್ಲನ್ನು ಅಡಾಪ್ಟರ್‌ಗೆ ನೇರವಾಗಿ ಚುಚ್ಚಿದರೆ ಸಾಕು. ಸಾಧನದ ಕೆಳಗಿರುವ ಲೋಹದ ಸಂಪರ್ಕಬಿಂದುಗಳು ಮಂಕಾಗಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಮಾಹಿತಿ ಅರ್ಧಕ್ಕೆ ನಿಂತುಹೋಗುವ ತೊಂದರೆ ಎಷ್ಟೋ ಸಲ ಇಲ್ಲಿಂದಲೇ ಹುಟ್ಟುತ್ತದೆ.

ಲಿನಕ್ಸ್‌ನಲ್ಲಿ ಬೇಕಾಗುವ ತಂತ್ರಾಂಶಗಳು ಎರಡು: ಪಾಮ್‌ನೊಂದಿಗೆ ಮಾತನಾಡುವ ಪೈಲಟ್-ಲಿಂಕ್ ಮತ್ತು ಅದರ ಮೇಲೆ ನಿಂತು ವಿಳಾಸ, ದಿನಚರಿಗಳನ್ನು ತೆರೆಯ ಮೇಲೆ ತೋರಿಸುವ ಜೆ-ಪೈಲಟ್. ಸೀರಿಯಲ್ ಪೋರ್ಟ್ ಬಳಸುವ ಅನುಮತಿ ಸಾಮಾನ್ಯ ಬಳಕೆದಾರರಿಗೆ ಇರುವುದಿಲ್ಲವಾದ್ದರಿಂದ, ಡೆಬಿಯನ್ ಮತ್ತು ಉಬುಂಟು ಬಳಸುವವರು ತಮ್ಮ ಖಾತೆಯನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ ಮತ್ತೊಮ್ಮೆ ಲಾಗಿನ್ ಆಗಬೇಕು. ಯುಎಸ್‌ಬಿ ಕ್ರೇಡಲ್ ಇರುವವರು ಇನ್ನೊಂದನ್ನು ತಿಳಿದಿರಬೇಕು. ಲಿನಕ್ಸ್ ಕರ್ನೆಲ್‌ನಲ್ಲಿರುವ ವೈಸರ್ ಎಂಬ ಮಾಡ್ಯೂಲ್ ಪಾಮ್ ಕಂಡ ಕೂಡಲೇ ಅದನ್ನು ತಾನು ಹಿಡಿದುಕೊಂಡು ಎರಡು ಸೀರಿಯಲ್ ಪೋರ್ಟ್‌ಗಳನ್ನು ಸೃಷ್ಟಿಸುತ್ತದೆ. ಸಾಮಾನ್ಯವಾಗಿ ಎರಡನೆಯದರಲ್ಲಿ ಮಾಹಿತಿ ಹರಿಯುತ್ತದೆ. ಈ ಮಾಡ್ಯೂಲ್ ತಾನಾಗಿ ಚಾಲೂ ಆಗದಂತೆ ಅದನ್ನು ತಡೆಪಟ್ಟಿಗೆ (ಬ್ಲ್ಯಾಕ್‌ಲಿಸ್ಟ್) ಸೇರಿಸಿ, ಪೋರ್ಟ್‌ನ ಜಾಗದಲ್ಲಿ ಸಣ್ಣಕ್ಷರಗಳಲ್ಲಿ ಯುಎಸ್‌ಬಿ ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ಕೋಲನ್ ಹಾಕಿದರೆ, ಪೈಲಟ್-ಲಿಂಕ್ ಸಾಧನವನ್ನು ನೇರವಾಗಿ ತಲುಪುತ್ತದೆ. ಈ ಎರಡನೆಯ ಕ್ರಮದಲ್ಲಿ ತಲೆನೋವು ಕಡಿಮೆ.

ಸಿಂಕ್ (ಸಾಧನ ಮತ್ತು ಕಂಪ್ಯೂಟರ್ ಎರಡರ ಮಾಹಿತಿಯನ್ನೂ ಒಂದಕ್ಕೊಂದು ಸರಿಹೊಂದಿಸುವ) ಗುಂಡಿ ಒತ್ತುವವರೆಗೆ ಪಾಮ್ ಕಂಪ್ಯೂಟರ್‌ನ ಕಣ್ಣಿಗೇ ಬೀಳುವುದಿಲ್ಲ ಎಂಬುದನ್ನು ನೆನಪಿಡಿ. ಕೇಬಲ್ ಚುಚ್ಚಿದ ಮೇಲೂ ಸಾಧನ ಕಾಣುತ್ತಿಲ್ಲವೆಂದು ಗಾಬರಿಯಾಗಬೇಕಿಲ್ಲ. ಕ್ರೇಡಲ್‌ನ ಗುಂಡಿ ಒತ್ತಿದಾಗ ಸಣ್ಣ ಸ್ವರವೊಂದು ಕೇಳಿ, ಡೆಸ್ಕ್‌ಟಾಪ್‌ಗೆ ಸಂಪರ್ಕಿಸುತ್ತಿರುವುದಾಗಿ ಪರದೆ ತಿಳಿಸುತ್ತದೆ. ಸೀರಿಯಲ್ ಜೋಡಣೆಯಲ್ಲಿ ಮೊದಲ ಮಾತುಕತೆ 9600 ಬಾಡ್‌ನಲ್ಲಿ ನಡೆದು, ಆಮೇಲೆ ಎರಡೂ ಕಡೆ ಒಪ್ಪಿದ ಹೆಚ್ಚಿನ ವೇಗಕ್ಕೆ ಏರುತ್ತದೆ. ಸಂಪರ್ಕ ಸಿಕ್ಕ ಮರುಗಳಿಗೆಯೇ ಕಡಿದುಹೋದರೆ ವೇಗದ ಆಯ್ಕೆಯನ್ನು ತಗ್ಗಿಸಿ ನೋಡಿ.

ಇಲ್ಲಿಂದ ಮುಂದೆ ಯಾವುದು ಮೊದಲು, ಯಾವುದು ನಂತರ ಎಂಬುದರ ಮೇಲೆ ನಿಮ್ಮ ಮಾಹಿತಿಯ ಅಳಿವು ಉಳಿವು ನಿಂತಿದೆ. ಮೊದಲು ಸಿಂಕ್ ಮಾಡಬೇಡಿ, ಬ್ಯಾಕಪ್ ತೆಗೆಯಿರಿ. ಜೆ-ಪೈಲಟ್‌ನಲ್ಲಿ ಬ್ಯಾಕಪ್ ಎಂಬ ಗುಂಡಿ ಇದೆ, ನಿಜ. ಆದರೆ ಅದು ಮೊದಲು ಸಿಂಕ್ ಮಾಡಿ ಆಮೇಲೆ ಪ್ರತಿ ತೆಗೆಯುತ್ತದೆ. ಆದ್ದರಿಂದ ಟರ್ಮಿನಲ್ ತೆರೆದು, ಪೈಲಟ್-ಲಿಂಕ್‌ನೊಂದಿಗೆ ಬರುವ ಪೈಲಟ್-ಎಕ್ಸ್‌ಫರ್ ಆಜ್ಞೆಗೆ ಪಿ ಆಯ್ಕೆಯಲ್ಲಿ ಪೋರ್ಟ್ ಹೆಸರನ್ನೂ ಬಿ ಆಯ್ಕೆಯಲ್ಲಿ ಹೊಸ ಫೋಲ್ಡರ್‌ನ ಹೆಸರನ್ನೂ ಕೊಟ್ಟು ಓಡಿಸಿ. ಅದು ಸಾಧನದಲ್ಲಿರುವ ಡೇಟಾಬೇಸ್‌ಗಳನ್ನು ಒಂದೊಂದಾಗಿ ಆ ಫೋಲ್ಡರ್‌ಗೆ ನಕಲು ಮಾಡುತ್ತದೆ. ಮುಗಿದ ಬಳಿಕ ಅಡ್ರೆಸ್‌ಡಿಬಿ, ಡೇಟ್‌ಬುಕ್‌ಡಿಬಿ, ಮೆಮೊಡಿಬಿ, ಟುಡುಡಿಬಿ ಎಂಬ ನಾಲ್ಕು ಕಡತಗಳು ಬಂದಿವೆಯೇ, ಅವುಗಳ ಗಾತ್ರ ಸೊನ್ನೆಯಲ್ಲವೇ ಎಂದು ನೋಡಿ, ಇಡೀ ಫೋಲ್ಡರ್‌ನ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಡಿ. ಪಾಮ್‌ನಲ್ಲಿ ಪ್ರೈವೇಟ್ ಎಂದು ಗುರುತು ಹಾಕಿ ಮರೆಮಾಡಿದ ಟಿಪ್ಪಣಿಗಳು ಗೂಢಲಿಪಿಯಲ್ಲಿರುವುದಿಲ್ಲ. ಅದರಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಬರೆದಿಟ್ಟವರು ಆ ಪೆನ್‌ಡ್ರೈವನ್ನು ಯಾರ ಕೈಗೂ ಕೊಡಬಾರದು.

ಇಷ್ಟು ಎಚ್ಚರಿಕೆಗೆ ಕಾರಣ ಸಿಂಕ್ ನಡೆಯುವ ರೀತಿ. ಪಾಮ್‌ನ ಪ್ರತಿಯೊಂದು ದಾಖಲೆಗೂ ಬದಲಾಗಿದೆ, ಅಳಿಸಲಾಗಿದೆ ಎಂಬಂಥ ಗುರುತುಗಳಿರುತ್ತವೆ. ಹಿಂದಿನ ಸಿಂಕ್ ಇದೇ ಕಂಪ್ಯೂಟರ್‌ನೊಂದಿಗೆ ನಡೆದಿದ್ದರೆ ಆ ಗುರುತುಗಳಷ್ಟನ್ನೇ ನೋಡಿದರೆ ಸಾಕಾಗುತ್ತದೆ. ಕಂಪ್ಯೂಟರ್ ಬದಲಾದಾಗ ಎಲ್ಲ ದಾಖಲೆಗಳನ್ನೂ ಹೋಲಿಸಬೇಕಾಗುತ್ತದೆ, ಗೊಂದಲಕ್ಕೆ ಅವಕಾಶವಾಗುವುದು ಅಲ್ಲಿಯೇ. ಇದರ ಜೊತೆಗೆ ಪ್ರತಿ ಸಾಧನಕ್ಕೂ ಬಳಕೆದಾರನ ಹೆಸರು ಮತ್ತು ಗುರುತುಸಂಖ್ಯೆ ಇರುತ್ತದೆ. ಅವು ಹೊಂದುವುದಿಲ್ಲವೆಂದು ಜೆ-ಪೈಲಟ್ ಎಚ್ಚರಿಸಿದರೆ, ಓದದೆ ಮುಂದುವರಿಯಬೇಡಿ. ಗುರುತುಸಂಖ್ಯೆಯೇ ಇಲ್ಲವೆಂದರೆ ಸಾಧನವು ಎಂದೋ ಹಾರ್ಡ್ ರೀಸೆಟ್ ಆಗಿ, ಅದರಲ್ಲಿದ್ದ ಮಾಹಿತಿಯೆಲ್ಲ ಅಳಿಸಿಹೋಗಿರಬಹುದು. ಮಾಹಿತಿ ಕಣ್ಣೆದುರೇ ಇದ್ದರೆ ಮಾತ್ರ ಹೊಸ ಬಳಕೆದಾರನನ್ನು ಸೇರಿಸುವ ಆಯ್ಕೆಯಿಂದ ಹೆಸರು ಕೊಟ್ಟು ಸಿಂಕ್ ಮಾಡಿ.

ಸಿಂಕ್ ಆದ ಮೇಲೆ ವಿಳಾಸಗಳನ್ನು ವಿಕಾರ್ಡ್ ಎಂಬ ಕಡತದ ರೂಪದಲ್ಲಿಯೂ ದಿನಚರಿಯನ್ನು ಐಕ್ಯಾಲೆಂಡರ್ ಎಂಬ ರೂಪದಲ್ಲಿಯೂ ಎಕ್ಸ್‌ಪೋರ್ಟ್ ಮಾಡಿದರೆ ಈಗಿನ ಫೋನ್‌ಗಳು ಅವನ್ನು ಓದುತ್ತವೆ. ವಿಳಾಸಗಳ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕೋಷ್ಟಕ) ಪ್ರತಿಯೊಂದನ್ನೂ ತೆಗೆದಿಡುವುದು ಒಳ್ಳೆಯದು, ಏಕೆಂದರೆ ಪಾಮ್‌ನಲ್ಲಿ ನಮಗೆ ಬೇಕಾದಂತೆ ಹೆಸರಿಡಬಹುದಾಗಿದ್ದ ನಾಲ್ಕು ಹೆಚ್ಚುವರಿ ಅಂಕಣಗಳು ವಿಕಾರ್ಡ್‌ನಿಂದ ಫೋನ್‌ಗೆ ಹೋಗುವಾಗ ಕಳೆದುಹೋಗಬಹುದು. ಇನ್ನು ದಿನಚರಿ: ಪಾಮ್‌ನ ಹಳೆಯ ದಿನಚರಿಯಲ್ಲಿ ಟೈಮ್ ಝೋನ್ ಎಂಬ ಕಲ್ಪನೆಯೇ ಇಲ್ಲ, ಗಡಿಯಾರದಲ್ಲಿ ಕಂಡ ಸಮಯವಷ್ಟೇ ದಾಖಲಾಗಿರುತ್ತದೆ. ಕ್ಯಾಲೆಂಡರ್‌ಗೆ ಸೇರಿಸುವಾಗ ಆ ಸಮಯವನ್ನು ಗ್ರೀನಿಚ್ ಸಮಯವೆಂದು ಭಾವಿಸಿದರೆ, ಬೆಳಗಿನ 10 ಗಂಟೆಯ ಭೇಟಿ ನಮ್ಮಲ್ಲಿ ಮಧ್ಯಾಹ್ನ 3.30ಕ್ಕೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಇಡೀ ಕಡತವನ್ನು ಒಮ್ಮೆಲೇ ಮುಖ್ಯ ಕ್ಯಾಲೆಂಡರ್‌ಗೆ ಸುರಿಯದೆ, ಖಾಲಿ ಕ್ಯಾಲೆಂಡರ್ ಒಂದನ್ನು ಹೊಸದಾಗಿ ಮಾಡಿ ಅದಕ್ಕೆ ಸೇರಿಸಿ, ಪರಿಚಿತ ದಿನವೊಂದನ್ನು ಪಾಮ್‌ನ ಪರದೆಯೊಂದಿಗೆ ಹೋಲಿಸಿ ನೋಡಿ; ಸಮಯ ತಪ್ಪಿದ್ದರೆ ಆ ಕ್ಯಾಲೆಂಡರನ್ನಷ್ಟೇ ಅಳಿಸಿ, ಝೋನ್ ಸರಿಪಡಿಸಿ ಮತ್ತೆ ಸೇರಿಸಬಹುದು.