ಕೈಯಿಂದ ಕೈಗೆ ಸಮಾಧಾನ: ನಮ್ಮ ಸಭೆಯಲ್ಲಿ ನಾನು ಮಾಡಿದ ರೀತಿ

ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯಲ್ಲಿ, ಪಕ್ಕದವರ ಕೈ ಹಿಡಿದು ಸಮಾಧಾನ ಹಾರೈಸುತ್ತಾ ಅದನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ನಮ್ಮ ಸಭೆಯಲ್ಲಿ ಈಗ ಗಟ್ಟಿಯಾಗಿ ಕೂತಿದೆ. "ಎರಡು ವಾರ ನಡೆಯುತ್ತೆ, ಆಮೇಲೆ ಮತ್ತೆ ಮೊದಲಿನ ಹಾಗೇ" ಎಂದಿದ್ದ ಹಿರಿಯರೇ ಈಗ ಬೆಂಚಿನ ತುದಿಗೆ ಬಂದು ಕೂರುತ್ತಾರೆ. ಬೇರೆ ಊರಿನ ಸಭೆಗಳವರೂ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆದೆ.

ನಮ್ಮದು ಉತ್ತರ ಕರ್ನಾಟಕದ ಸಣ್ಣ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆ. ಭೋಜನದ ಭಾನುವಾರ ನೂರಿಪ್ಪತ್ತು ಜನ ಬಂದರೆ ಜಾಸ್ತಿ. ಕೊರೊನಾ ನಂತರ ಎಲ್ಲರೂ ದೂರದಿಂದಲೇ ಕೈ ಮುಗಿದು ಕೂತುಬಿಡುತ್ತಿದ್ದರು. ಕೈ ಮುಗಿಯುವುದು ಒಳ್ಳೆಯದೇ. 1969ರಲ್ಲಿ ರೋಮ್ ಭಾರತದ ಕಥೋಲಿಕರ ಆರಾಧನೆಗೆ ಒಪ್ಪಿಗೆ ಕೊಟ್ಟ ಹನ್ನೆರಡು ಭಾರತೀಯ ಅಂಶಗಳಲ್ಲಿ ಅಂಜಲಿಯೂ ಇದೆ. ಆದರೆ ನಮ್ಮಲ್ಲಿ ಅದು ಫ್ಯಾನ್ ನೋಡುತ್ತಾ ಮುಗಿಯುವ ಕೈ ಆಗಿತ್ತು. ಹೊಲದ ಜಗಳದಲ್ಲಿ ಮಾತು ಬಿಟ್ಟ ಅಣ್ಣ ತಮ್ಮ ಇದ್ದಾರೆ. ನಾಲ್ಕು ಬೆಂಚು ದೂರದಲ್ಲಿ ನಿಂತು ಇಬ್ಬರೂ ಕೈ ಮುಗಿಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಹಿಂದೆಯೇ ಕಾಣಿಕೆ ತಟ್ಟೆ ಬರುತ್ತಿತ್ತು. ಬೈಬಲಿನ ಮತ್ತಾಯ 5ರಲ್ಲಿ ಯೇಸುಸ್ವಾಮಿ ಹೇಳಿದ್ದು ಮೊದಲು ಸಹೋದರನ ಹತ್ತಿರ ಹೋಗು, ಆಮೇಲೆ ಕಾಣಿಕೆ ಅಂತ ಅಲ್ವಾ?

ಇನ್ನೊಂದು ಮಾತು ನನ್ನನ್ನು ಸುಮ್ನೆ ಬಿಡಲಿಲ್ಲ. ಯೋಹಾನ 20ರಲ್ಲಿ "ನಿಮಗೆ ಸಮಾಧಾನವಾಗಲಿ" ಎಂದ ಕೂಡಲೇ ಯೇಸುಸ್ವಾಮಿ ಶಿಷ್ಯರಿಗೆ ಕೈ ತೋರಿಸಿದರು. ಮೊಳೆಯ ಗುರುತು ಇರುವ ಕೈ. ಮಾತು, ಕೈ ಎರಡೂ ಒಟ್ಟಿಗೇ ಬಂದವು. ನಾವು ಮಾತು ಇಟ್ಟುಕೊಂಡು ಕೈ ಬಿಟ್ಟಿದ್ದೆವು.

ಮೊದಲು ಅಯ್ಯನವರಿಂದ, ಅಂದರೆ ನಮ್ಮ ಸಭಾಪಾಲಕರಿಂದ, ಪ್ರಕಟಣೆ ಮಾಡಿಸಿದೆ. ಯಾರೂ ಕದಲಲಿಲ್ಲ. ಆಮೇಲೆ ಕೈ ಹಿಡಿಯುವ ಚಿತ್ರ ಹಾಕಿ ಬಣ್ಣದ ಕಾರ್ಡ್ ಮುದ್ರಿಸಿದೆವು. ಮುನ್ನೂರು ಕಾರ್ಡಿಗೆ ನಾಲ್ಕೂವರೆ ಸಾವಿರದ ಹತ್ತಿರ ಆಯಿತು. ಅವು ಈಗ ಕೀರ್ತನೆ ಪುಸ್ತಕದಲ್ಲಿ ಪುಟದ ಗುರುತಾಗಿವೆ. ಒಂದು ಫ್ಲೆಕ್ಸ್ ಕಟ್ಟಿದೆವು, ಅದಕ್ಕೊಂದು ಎಂಟುನೂರು. ಕೊನೆಗೆ ಎಲ್ಲರೂ ಎಲ್ಲರಿಗೂ ಕೈ ಕೊಡಿ ಎಂದಾಗ ಚರ್ಚು ಮದುವೆ ಮನೆ ಆಯಿತು. ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಹುಡುಗರು ಹುಡುಗರಿಗೇ ಕೊಟ್ಟರು, ಹಿಂದಿನ ಬೆಂಚಿನ ವಿಧವೆಯರ ಹತ್ತಿರ ಒಬ್ಬರೂ ಹೋಗಲಿಲ್ಲ. ಕಮಿಟಿಯಲ್ಲಿ ಒಬ್ಬರು ಇದು ಫಾರಿನ್‌ನವರ ಶೇಕ್‌ಹ್ಯಾಂಡ್, ನಮಗೆ ಬೇಡ ಎಂದರು. ಇದು ಕೇರಳದ ಸುರಿಯಾನಿ ಕ್ರೈಸ್ತರ ಹಳೆಯ ಪದ್ಧತಿ, 1950ರ ನಮ್ಮ ಆರಾಧನಾ ಕ್ರಮದಲ್ಲೇ ಇದೆ ಎಂದು ಪುಸ್ತಕ ತೆರೆದು ತೋರಿಸಿದೆ.

ಆ ಪುಸ್ತಕದಲ್ಲಿರುವ ಹಾಗೇ ಮಾಡಿದ ಮೇಲೆ ಕೆಲಸ ಕೂಡಿಬಂತು. ಸಮಾಧಾನ ಭೋಜನದ ಮೇಜಿನಿಂದ ಹೊರಡಬೇಕು. ಅಯ್ಯನವರು ಜೊತೆಗಿರುವ ಇಬ್ಬರಿಗೆ ಕೊಡುತ್ತಾರೆ. ಅವರು ಕೆಳಗಿಳಿದು ಪ್ರತಿ ಬೆಂಚಿನ ತುದಿಯವರಿಗೆ ಕೊಡುತ್ತಾರೆ, ಅಲ್ಲಿಂದ ಪಕ್ಕದವರಿಗೆ. ಬಲ ಅಂಗೈಗೆ ಬಲ ಅಂಗೈ ಕೂಡಿಸಿ, ಇಬ್ಬರೂ ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚಬೇಕು. ಕುಲುಕಬಾರದು. ಸಂಧಿವಾತದ ಅಜ್ಜಿಯರ ಕೈ ಒತ್ತಲೂಬಾರದು, ಸುಮ್ನೆ ಇಟ್ಟರೆ ಸಾಕು. ಹೆಣ್ಣುಮಕ್ಕಳ ಕಡೆಗೆ ಒಬ್ಬ ಹಿರಿಯ ತಾಯಿಯನ್ನೇ ಕಳಿಸಿ. ಮಾವನ ವಯಸ್ಸಿನವರಿಗೆ ಕೈ ಕೊಡಲು ಸೊಸೆಯಂದಿರು ಹಿಂಜರಿಯುತ್ತಿದ್ದರು, ಇದರಿಂದ ಅದು ನಿಂತಿತು. ಈಗ ಮೂರು ನಿಮಿಷದಲ್ಲಿ ಮುಗಿಯುತ್ತದೆ.

ದೊಡ್ಡವರಿಗಿಂತ ಮೊದಲು ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸಿದೆ. ಮಕ್ಕಳು ಯಾರನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ. ಬೆಂಚಿನ ತುದಿಯಲ್ಲಿ ಯಾರು ಕೂರಬೇಕು ಅನ್ನುವುದರಲ್ಲಿ ಅರ್ಧ ಕೆಲಸ ಇದೆ. ಆ ಲೆಕ್ಕವನ್ನು ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಆ ಅಣ್ಣ ತಮ್ಮ ಒಂದೇ ಬೆಂಚಿಗೆ ಬಂದದ್ದೂ ಆ ಲೆಕ್ಕದಿಂದಲೇ. ಅಣ್ಣನ ಬಲಗೈ ತೋರುಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅರ್ಧ ಹೋಗಿದೆ. ತಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊಲದ ಕೇಸು ಇನ್ನೂ ಕೋರ್ಟಿನಲ್ಲಿದೆ. ಮಾತು ಶುರುವಾಗಿದೆ.

ನಮ್ಮ ನೆಲದಲ್ಲಿ ಮುಟ್ಟುವುದು ಸಣ್ಣ ವಿಷಯವಲ್ಲ. ನಮ್ಮ ಅಜ್ಜನ ಬೊಗಸೆಗೆ ಊರಿನವರು ನೀರನ್ನು ಮೇಲಿಂದಲೇ ಹುಯ್ಯುತ್ತಿದ್ದರು. ಕುಷ್ಠರೋಗಿಯನ್ನು ಮಾತಿನಿಂದಲೇ ಗುಣಮಾಡಬಹುದಿದ್ದ ಸ್ವಾಮಿ ಕೈ ಚಾಚಿ ಮುಟ್ಟಿದರು ಎಂದು ಮಾರ್ಕ 1ರಲ್ಲಿ ಓದುವಾಗ ನನಗೆ ಆ ಬೊಗಸೆಯೇ ಕಾಣುತ್ತದೆ. ನಾಲ್ಕನೇ ಶತಮಾನದ ಯೆರೂಸಲೇಮಿನ ಬಿಷಪ್ ಸಿರಿಲ್, ರೊಟ್ಟಿ ತೆಗೆದುಕೊಳ್ಳುವಾಗ ಎಡಗೈಯನ್ನು ಬಲಗೈಗೆ ಸಿಂಹಾಸನ ಮಾಡಿಕೊಳ್ಳಿ, ಅರಸನನ್ನು ಬರಮಾಡಿಕೊಳ್ಳುವ ಕೈ ಅದು ಎಂದು ಕಲಿಸಿದ. ದೃಢೀಕರಣದ (ಕನ್ಫರ್ಮೇಶನ್) ತರಗತಿಯಲ್ಲಿ ಇದನ್ನು ಕೈಯಲ್ಲೇ ಮಾಡಿಸುತ್ತೇನೆ. ಬೆರಳ ತುದಿಯಲ್ಲಿ ರೊಟ್ಟಿ ಎಳೆದುಕೊಳ್ಳುವ ಅಭ್ಯಾಸ ತಾನಾಗಿ ಹೋಯಿತು.

ಇದರ ಜೊತೆಗೆ ಬೇರೆ ಪ್ರಯತ್ನಗಳೂ ನಡೆದವು. ಶುಕ್ರವಾರದ ಪ್ರಾರ್ಥನೆಯಲ್ಲಿ 1 ತಿಮೊಥೆ 2:8 ಓದಿ ಕೈ ಎತ್ತಿ ಎಂದರೆ ನಮ್ಮ ಹಿರಿಯರು ಎತ್ತಲಿಲ್ಲ. ತೊಡೆಯ ಮೇಲೆ ಅಂಗೈ ಬಿಚ್ಚಿಡಿ ಎಂದೆ. ಆ ಅಭ್ಯಾಸ ಉಳಿಯಿತು. ಮಕ್ಕಳಿಂದ ಕೈಯ ಚಿತ್ರ ಬರೆಸಿ, ಬೆರಳಿಗೊಬ್ಬರ ಹೆಸರು ಬರೆದು ಪ್ರಾರ್ಥಿಸುವುದು ಒಂದು ತಿಂಗಳು ಚೆನ್ನಾಗಿತ್ತು, ಆಮೇಲೆ ಸಪ್ಪೆಯಾಯಿತು. ರೋಗಿಗಳ ಮನೆಯಲ್ಲಿ ಬೈಬಲ್ ತೆರೆಯುವ ಮೊದಲೇ ಕೈ ಹಿಡಿಯುತ್ತೇನೆ. ಪಾರ್ಶ್ವವಾಯು ಆದವರಿಗೆ ಮನೆಯವರೆಲ್ಲ ಚೆನ್ನಾಗಿರುವ ಕೈಯನ್ನೇ ಹಿಡಿಯುತ್ತಾರೆ. ನಾನು ಬಿದ್ದುಹೋದ ಕೈಯನ್ನು ಹಿಡಿಯುತ್ತೇನೆ. ಮಾಡಿ ನೋಡಿ.

ದುಡ್ಡಿನ ವಿಷಯ. ಸ್ಯಾನಿಟೈಸರ್‌ಗೆ ತಿಂಗಳಿಗೆ ಐನೂರು ಹೋಗುತ್ತಿತ್ತು. ಅದನ್ನು ನಿಲ್ಲಿಸಿ ಬಾಗಿಲ ಹೊರಗೆ ನಲ್ಲಿ ಹಾಕಿಸಿ ಸೋಪು ಇಟ್ಟೆವು, ಸಾವಿರದ ಇನ್ನೂರೋ ಏನೋ ಆಯಿತು. ರೋಗದ ಹೆದರಿಕೆ ಇದ್ದವರೂ ಕೈ ತೊಳೆದು ಒಳಗೆ ಬಂದರು. ಒಟ್ಟು ಆರೂವರೆ ಸಾವಿರದಷ್ಟು ಖರ್ಚಿನಲ್ಲಿ ಕೆಲಸಕ್ಕೆ ಬಂದದ್ದು ಆ ನಲ್ಲಿ ಒಂದೇ. ನೀವು ಶುರು ಮಾಡುವುದಾದರೆ ಕಾರ್ಡು, ಫ್ಲೆಕ್ಸ್ ಬೇಡ. ಕ್ರಿಸ್ಮಸ್‌ಗೂ ಇಟ್ಟುಕೊಳ್ಳಬೇಡಿ, ಹೊರಗಿನವರು ಜಾಸ್ತಿ ಇರುತ್ತಾರೆ. ಮಳೆಗಾಲದಲ್ಲಿ, ಅರ್ಧ ಬೆಂಚು ಖಾಲಿ ಇರುವ ಭೋಜನದ ಭಾನುವಾರ ನೋಡಿ ಶುರು ಮಾಡಿ.