ಲದ್ದಿ ಮೊದಲು, ಆನೆ ಆಮೇಲೆ: ಕಥೆಯಲ್ಲಿ ಕಾತರ ಕಟ್ಟುವ ನನ್ನ ಕ್ರಮ

ಕಾತರ ಹುಟ್ಟಬೇಕಾದರೆ ಎಲ್ಲವನ್ನೂ ಮುಚ್ಚಿಡಬೇಕು ಅಂದುಕೊಳ್ಳುವವರೇ ಹೆಚ್ಚು. ನಾನು ಮಾಡುವುದು ಉಲ್ಟಾ. ಅಪಾಯವನ್ನು ಓದುಗನಿಗೆ ಮೊದಲೇ ತೋರಿಸಿಬಿಡುತ್ತೇನೆ, ಪಾತ್ರಕ್ಕೆ ಮಾತ್ರ ಗೊತ್ತಾಗಕೂಡದು.

ವಿರಾಜಪೇಟೆ ಕಡೆಯ ಒಂದು ಕಾಫಿ ತೋಟ, ಜುಲೈ ರಾತ್ರಿ ಅಂತಿಟ್ಟುಕೊಳ್ಳಿ. ತೋಟದ ರೈಟರು (ಕಥೆಯಲ್ಲ, ಲೆಕ್ಕ ಬರೆಯುವವರು) ಬಾಗಿಲು ತೆಗೆದರೆ ಎದುರಿಗೇ ಆನೆ. ಓದುಗ ಒಮ್ಮೆ ಬೆಚ್ಚುತ್ತಾನೆ, ಮುಗಿಯಿತು. ಅದರ ಬದಲು ಮೊದಲ ಪುಟದಲ್ಲೇ ಹೀಗೆ ಬರೆಯುತ್ತೇನೆ: “ಕಣದಂಚಿನ ಹಲಸಿನ ಮರದಡಿ ಸಂಜೆ ಬಿದ್ದಿದ್ದ ಹಣ್ಣು ಈಗ ಇರಲಿಲ್ಲ. ಪಕ್ಕದಲ್ಲಿ ಲದ್ದಿ, ಮಳೆಯಲ್ಲೂ ಹಬೆಯಾಡುತ್ತಿತ್ತು.” ಆನೆ ಎಂಬ ಪದವೇ ಬೇಡ. ಇನ್ನು ರೈಟರು ಒಳಗೆ ಕೂತು ಚಪ್ಪಲಿ ಹುಡುಕಿದರೂ ಸಾಕು, ಓದುಗ ‘ಹೋಗಬೇಡ ಮಾರಾಯ’ ಅನ್ನುತ್ತಿರುತ್ತಾನೆ.

ಹೋಗಲೇಬೇಕಾದ ಕಾರಣ ಗಟ್ಟಿ ಇರಬೇಕು. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಮಗುವಿಗೆ ಜ್ವರ, ಮಾತ್ರೆ ಇರುವುದು ರೈಟರ ಹತ್ತಿರ. ‘ಏನೋ ಸದ್ದಾಯಿತು, ನೋಡಲು ಹೊರಟರು’ ಎಂದರೆ ಓದುಗನಿಗೆ ಭಯವಲ್ಲ, ಸಿಟ್ಟು ಬರುತ್ತದೆ.

2000 ಪದಗಳ ಕಥೆಯಾದರೆ ಲದ್ದಿಯನ್ನು 250ರೊಳಗೆ ಇಡುತ್ತೇನೆ, ಆನೆಯನ್ನು 1600ರ ಆಸುಪಾಸಿಗೆ. ನಡುವೆ ಮೂರೇ ತಡೆ. ನಾಲ್ಕನೆಯದಕ್ಕೆ ಎಳೆದಾಟ ಗೊತ್ತಾಗುತ್ತದೆ. ಪ್ರತಿ ತಡೆಯೂ ಒಂದು ದಾರಿ ಮುಚ್ಚಬೇಕು. ಕರೆಂಟ್ ಹೋದರೆ ಅಂಗಳದ ದೀಪವಿಲ್ಲ. ಶೀಟಿನ ಮೇಲೆ ಮಳೆ ಬಡಿಯುವಾಗ ಕೊಂಬೆ ಮುರಿದ ಸದ್ದು ಕೇಳಿಸದು. ಕಾಲಿಗೆ ಹತ್ತಿದ ಜಿಗಣೆ ತೆಗೆಯಲು ಬಗ್ಗಿದರೆ ಟಾರ್ಚ್ ಬೆಳಕು ನೆಲಕ್ಕೆ ತಿರುಗುತ್ತದೆ. ಬರೀ ಮಂಜಿನ ವರ್ಣನೆ ತಡೆಯಲ್ಲ. ನಮ್ಮೂರ ಮಂಜನ್ನು ಬರೆಯುವ ಚಪಲ ನನಗೂ ಇದೆ, ಎರಡನೇ ಕರಡಿನಲ್ಲಿ ಹೊಡೆದುಹಾಕುತ್ತೇನೆ.

ಹೆಚ್ಚು ಕೈಕೊಡುವುದು ನಾಯಿ. ತೋಟದ ಮನೆಯಲ್ಲಿ ನಾಯಿ ಇಲ್ಲವೆಂದರೆ ಯಾರೂ ನಂಬುವುದಿಲ್ಲ, ಇದ್ದರೆ ಬೊಗಳಲೇಬೇಕು. ಅದು ಬೊಗಳದೆ ಮಂಚದಡಿ ಸೇರಿದೆ ಎಂದು ಬರೆದುಬಿಟ್ಟರೆ ತೊಡಕೇ ಸುಳಿವಾಗುತ್ತದೆ. ಸಿಗ್ನಲ್ ಇಲ್ಲದ ಫೋನನ್ನೂ ಮೊದಲ ಪುಟದಲ್ಲೇ ಹೇಳಿಬಿಡಬೇಕು. ಬೇಕಾದ ಗಳಿಗೆಗೇ ಸಿಗ್ನಲ್ ಹೋದರೆ ಅದು ಕಥೆಗಾರನ ಕೈವಾಡ.

ಪಾತ್ರ ಚೀಟಿ ಓದಿ ಬೆಚ್ಚುವುದು, ಅದರಲ್ಲೇನಿದೆ ಎಂದು ಹೇಳದಿರುವುದು ಮೋಸ. ಪಾತ್ರದ ಕಣ್ಣಿಂದಲೇ ಹೇಳುತ್ತಿದ್ದರೆ, ಅದು ಕಂಡದ್ದು ಓದುಗನಿಗೂ ಕಾಣಬೇಕು.

ಆನೆ ಕಾಣುವ ಜಾಗಕ್ಕೆ ಆರು ವಾಕ್ಯ ಸಾಕು. ಮೊದಲನೆಯದು ಉದ್ದ, ಆಮೇಲೆ ಮೂರು ಮೂರು ಪದ. ಮಾತ್ರೆಯ ಪೊಟ್ಟಣ ಎಲ್ಲಿ ಬಿತ್ತೆಂದು ಅಲ್ಲೇ ಹೇಳುವುದಿಲ್ಲ, ಮಗುವಿಗೆ ಇನ್ನೂ ಜ್ವರ ಇದೆಯಲ್ಲ.